ಶ್ರೀವಲ್ಲಿ ಟೀಚರ ಅಂಕಿ ಚಂದ್ರಂಕಿ

ಬೆಳಗಿನ ಏಳು ಗಂಟೆ ಇನ್ನೂ ಆಗಿಲ್ಲ. ಸಾದಲಿ ಹೋಬಳಿಯ ಹುಣಸೇಗುಟ್ಟಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿಯುತ್ತಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಗು ಬಾಯಿಗೆ ಕರವಸ್ತ್ರ ಕಟ್ಟಿಕೊಂಡ ಹೆಂಗಸೊಬ್ಬರು ಬಿದಿರಿನ ಅಗಲ ಚಾಪೆಯೊಂದನ್ನು ತೊಟ್ಟಿ ನೀರಿನಲ್ಲಿ ಅದ್ದಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಾರೆ. ಹೊಸಬರು ಕಂಡರೆ ಶಾಲೆಯ ಆಯಾ ಇರಬೇಕು ಅಂದುಕೊಳ್ಳುತ್ತಾರೆ. ಒಮ್ಮೆ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಹಾಗೇ ಅಂದುಕೊಂಡು, "ಏನಮ್ಮ, ಟೀಚರ್ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದ್ದರಂತೆ. "ಬರ್ತಾರೆ ಸಾರ್, ಕೈ ತೊಳ್ಕೊಂಡು ಬರ್ತಾರೆ" ಎಂದು ಹೇಳಿ, ಕೈ ತೊಳೆದುಕೊಂಡು ಬಂದು ಪಾಠಕ್ಕೆ ನಿಂತವರು ಇವರೇ. ಈಗಲೂ ಅದನ್ನು ಹೇಳುವಾಗ ಅವರಿಗೆ ನಗು ತಡೆಯುವುದಿಲ್ಲ.

ಇವರು ಶ್ರೀವಲ್ಲಿ. ವಯಸ್ಸು ನಲವತ್ತೆರಡು. ಶಿಡ್ಲಘಟ್ಟದಿಂದ ಮೊದಲ ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು, ಹಿಪ್ಪುನೇರಳೆ ತೋಟಗಳ ನಡುವೆ ನಡೆದು ಬರುತ್ತಾರೆ. ಆರು ವರ್ಷದಿಂದ ಈ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಕೈತುಂಬ ಕೆಲಸ. ಜೂನ್‌ನಲ್ಲಿ ಹೊಸದಾಗಿ ಸೇರಿಸಿಕೊಳ್ಳುತ್ತಾರೆ, ಮಾರ್ಚ್ ಕಳೆಯುತ್ತಲೇ ಮನೆಗೆ ಕಳಿಸುತ್ತಾರೆ. ಮುಂದಿನ ಜೂನ್‌ಗೆ ಇದೇ ಊರು ಸಿಗುತ್ತದೋ ಇಲ್ಲವೋ ಎಂಬುದು ಬೇಸಿಗೆ ರಜೆ ಪೂರ್ತಿ ಅವರ ತಲೆ ತಿನ್ನುತ್ತದೆ.

ತೊಟ್ಟಿಯಲ್ಲಿ ಮುಳುಗಿರುವ ಚಾಪೆಗೆ ಈ ಕಡೆ ಚಂದ್ರಂಕಿ ಅನ್ನುತ್ತಾರೆ. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವುದು ಇದರ ಮೇಲೆ. ಚಾಪೆಯ ನಡುವಿನಿಂದ ಅಂಚಿನವರೆಗೆ ಬಿದಿರಿನ ಪಟ್ಟಿಯನ್ನು ಸುತ್ತು ಸುತ್ತಾಗಿ ನಿಲ್ಲಿಸಿ ಹೆಣೆದಿರುತ್ತಾರೆ, ನಡುವೆ ಓಣಿಯಂತೆ ಜಾಗ ಬಿಟ್ಟಿರುತ್ತಾರೆ. ಶ್ರೀವಲ್ಲಿಯವರು ಆ ಓಣಿಯಲ್ಲಿ ಕಾದ ಕಂಬಿಯಿಂದ ಒಂದರಿಂದ ನೂರರವರೆಗೆ ಅಂಕಿ ಸುಟ್ಟಿದ್ದಾರೆ. ಮಕ್ಕಳು ಅದರಲ್ಲಿ ಗೂಡೊಂದನ್ನು ನಡೆಸುತ್ತಾರೆ. ನಲವತ್ತಮೂರರಲ್ಲಿ ಹದಿನೇಳು ಕಳೆ ಎಂದರೆ ಗೂಡು ಹಿಂದಕ್ಕೆ ನಡೆಯುತ್ತದೆ. ಬೆರಳಿಗೆ ಗೊತ್ತಾದ ಲೆಕ್ಕ ತಲೆಗೆ ಹತ್ತುವುದು ತಡವಾಗುವುದಿಲ್ಲ ಎಂಬುದು ಅವರ ನಂಬಿಕೆ.

ಈ ನಂಬಿಕೆಗೆ ಕಾರಣ ಚಿಂತಾಮಣಿಯ ಒಂದು ಶಾಲೆ. ಅಪ್ಪ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಅಮ್ಮ ಕಮಲಮ್ಮ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದರು. ಮಗಳು ಡಿ.ಇಡಿ. ಮುಗಿಸಿ, ಸರ್ಕಾರಿ ನೇಮಕಾತಿಯಲ್ಲಿ ಎರಡು ಸಲ ಕೂದಲೆಳೆಯಲ್ಲಿ ಕೆಲಸ ತಪ್ಪಿ, ಚಿಂತಾಮಣಿಯ ಆ ಖಾಸಗಿ ಶಾಲೆಗೆ ಸೇರಿದರು. "ಗೋಡೆ ತುಂಬ ಬಣ್ಣಬಣ್ಣದ ಚಾರ್ಟು. ಮಕ್ಕಳು ಮುಟ್ಟಿದ್ರೆ ಮ್ಯಾನೇಜ್‌ಮೆಂಟ್‌ನೋರು ನಮಗೆ ಬೈಯೋರು. ಮಗೂನ ಕೈ ಹಿಡ್ಕೊಂಡು, ಮುಟ್ಬೇಡ ಕಣಮ್ಮ, ನೋಡು ಅಂತ ಹೇಳಿ ಹೇಳಿ ನಂಗೇ ಬೇಜಾರಾಗೋಯ್ತು" ಎನ್ನುತ್ತಾರೆ. ಮುಟ್ಟಲು ಬಿಡುವ ಶಾಲೆ ಬೇಕೆಂದು ಹುಡುಕಿಕೊಂಡು ಬಂದಾಗ ಸಿಕ್ಕಿದ್ದು ಹುಣಸೇಗುಟ್ಟಹಳ್ಳಿ.

ಇಲ್ಲಿ ಚಾರ್ಟೂ ಇರಲಿಲ್ಲ, ಅದನ್ನು ಅಂಟಿಸಲು ಒಣಗಿದ ಗೋಡೆಯೂ ಇರಲಿಲ್ಲ. ಊರ ತುಂಬ ಇದ್ದದ್ದು ರೇಷ್ಮೆಯ ಸಾಮಾನು. ಪ್ಲಾಸ್ಟಿಕ್ ಚಂದ್ರಂಕಿ ಬಂದ ಮೇಲೆ ಬಿದಿರಿನವು ಬೇಲಿ ಪಕ್ಕ ಬಿದ್ದಿದ್ದವು. ನೂಲು ತೆಗೆಯಲು ಬಾರದ ತೂತು ಗೂಡುಗಳನ್ನು ಕೇಳುವವರೇ ಇರಲಿಲ್ಲ. ಟೀಚರಮ್ಮ ಎಲ್ಲವನ್ನೂ ಬಾಚಿಕೊಂಡರು. ಹತ್ತು ಗೂಡಿನ ಮಾಲೆ ದಶಕವಾಯಿತು, ಹತ್ತು ಮಾಲೆಯ ಗೊಂಚಲು ನೂರಾಯಿತು. ಗೂಡಿಗೆ ಕಣ್ಣು ಮೂಗು ಬರೆದು, ಚಿಂದಿ ಬಟ್ಟೆಯ ಅಂಗಿ ತೊಡಿಸಿದರೆ ಲೈನ್‌ಮನ್, ನರ್ಸು, ದನದ ಡಾಕ್ಟರು, ಡೇರಿ ಸೆಕ್ರೆಟರಿ ಎಲ್ಲರೂ ಸಾಲಾಗಿ ನಿಂತರು. ಚಿಕ್ಕಬಳ್ಳಾಪುರದ ಕಲಿಕೋಪಕರಣ ಮೇಳಕ್ಕೆ ಇವನ್ನು ಹೊತ್ತುಕೊಂಡು ಹೋದಾಗ ಬಹುಮಾನ ಹೋದದ್ದು ಬಲ್ಬು ಹತ್ತುವ ಥರ್ಮೊಕೋಲ್ ಸೌರವ್ಯೂಹಕ್ಕೆ. ಬಲ್ಬಿನ ಮುಂದೆ ಬಿದಿರು ಚಾಪೆ ಯಾರ ಕಣ್ಣಿಗೆ ಬೀಳಬೇಕು? ಗೌರಿಬಿದನೂರಿನ ಮೇಷ್ಟ್ರೊಬ್ಬರು ಮಾತ್ರ ಕೊನೆಗೆ ಬಂದು, ಹೇಗೆ ಮಾಡಿದಿರಿ ಎಂದು ಕೇಳಿ ಬರೆದುಕೊಂಡು ಹೋದರು.

ಗೂಡಿನ ಗೊಂಬೆಗಳಿಗೂ ಒಂದು ಕಥೆಯಿದೆ. ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳಿದರೆ ತರಗತಿಗೆ ತರಗತಿಯೇ ಡಾಕ್ಟರ್, ಪೊಲೀಸ್, ಡಿಸಿ ಎಂದು ಕೂಗುತ್ತಿತ್ತಂತೆ. ಡಿಸಿ ಏನು ಮಾಡುತ್ತಾರೆ ಎಂದರೆ, "ಕಾರಲ್ಲಿ ಬರ್ತಾರೆ ಮಿಸ್." ಅಲ್ಲಿಂದ ಶುರುವಾದದ್ದು ಕೆಲಸದ ಶನಿವಾರ. ಯಾರಾದರೂ ದುಡಿಯುವವರನ್ನು ಕರೆದು, ಕುರ್ಚಿಯಲ್ಲಿ ಕೂರಿಸಿ, ಗೂಡಿನ ಹಾರ ಹಾಕಿ ಮಕ್ಕಳು ಮೂರು ಪ್ರಶ್ನೆ ಕೇಳುತ್ತಾರೆ. ಎದ್ದ ಮೇಲೆ ಏನೇನು ಮಾಡ್ತೀರಿ? ಇದಕ್ಕೆ ಏನು ಓದಬೇಕು, ಏನು ಕಲಿಯಬೇಕು? ಈ ಕೆಲಸದಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು? ಮೂರನೆಯದಕ್ಕೆ ಬಂದವರೆಲ್ಲ ತಡವರಿಸುತ್ತಾರೆ. ಕಂಬ ಹತ್ತಿದ ಮೇಲೆ ಲೈನು ಆಫ್ ಆಗಿಲ್ಲವೆಂದು ನೆನಪಾದ ಲೈನ್‌ಮನ್ನಿನ ಕಥೆಯನ್ನು ಮಕ್ಕಳು ಇನ್ನೂ ಮರೆತಿಲ್ಲ.

ಇನ್ನು ಮಕ್ಕಳ ಮಂತ್ರಿಮಂಡಲ. ಮಣ್ಣಿನ ಕುಡಿಕೆಗೆ ಗೂಡು ಹಾಕಿ ಮತ ಕೊಡುತ್ತಾರೆ. ನೀರು, ಆರೋಗ್ಯ, ಊಟ ಎಂಬ ಖಾತೆಗಳು ಎಲ್ಲ ಶಾಲೆಗಳಲ್ಲೂ ಇವೆ. ಇಲ್ಲಿ ಗೈರುಹಾಜರಿ ಮಂತ್ರಿ ಎಂಬುದೊಂದು ಹೆಚ್ಚು. ಯಾರ ಮನೆಯ ಹುಳು ಎಷ್ಟನೇ ಜ್ವರದಲ್ಲಿದೆ ಎಂದು ತಿಳಿದುಕೊಳ್ಳುವುದು ಈ ಮಂತ್ರಿಯ ಕೆಲಸ. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ವಾರ ಕಳೆಯುವಷ್ಟರಲ್ಲಿ ಹಣ್ಣಾಗುತ್ತದೆ. ಹಣ್ಣು ಹುಳು ಆರಿಸುವ ದಿನಗಳಲ್ಲಿ ಮನೆಯ ಮಕ್ಕಳೂ ಬೇಕು, ಶಾಲೆ ತಪ್ಪುತ್ತದೆ. ಬೆಳೆಯಿಂದ ಬೆಳೆಗೆ ತಪ್ಪುತ್ತಾ ಹೋದ ಮಗು ಲೆಕ್ಕದಲ್ಲಿ ಹಿಂದೆ ಬಿದ್ದು, ಹಿಂದೆ ಬಿದ್ದ ನಾಚಿಕೆಗೆ ಮತ್ತೆರಡು ದಿನ ತಪ್ಪಿಸಿಕೊಳ್ಳುತ್ತದೆ. ಅದಕ್ಕೆಂದೇ ಟೀಚರಮ್ಮ ಪಾಠದ ಸಾಮಾನನ್ನು ಸರದಿಯ ಮೇಲೆ ಮನೆಗೆ ಕಳಿಸುತ್ತಿದ್ದರು. ಮಗು ಶಾಲೆಗೆ ಬರಲಾಗದಿದ್ದರೆ ಶಾಲೆ ಮಗುವಿನ ಮನೆಗೆ ಹೋಗಲಿ ಎಂಬ ಯೋಚನೆ.

ಎಲ್ಲ ಕೆಟ್ಟದ್ದೂ ಇದರಿಂದಲೇ. ಹೋದ ವರ್ಷದ ಶ್ರಾವಣದಲ್ಲಿ ಕೋನಪ್ಪನವರ ಬೇಲಿ ಪಕ್ಕ ಬಿದಿರಿನ ಚಂದ್ರಂಕಿಯೊಂದು ಶ್ರೀವಲ್ಲಿಯವರ ಕಣ್ಣಿಗೆ ಬಿತ್ತು. ತಗೊಳ್ಳಲೇ ಎಂದು ಕೇಳಿದರು, ಅವರು ತಗೊಂಡೋಗಮ್ಮ ಎಂದರು. ಆ ಮನೆಯ ಹುಳು ಸುಣ್ಣಕಟ್ಟು ರೋಗಕ್ಕೆ ಹೋಗಿತ್ತೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಆ ರೋಗ ಬಂದರೆ ಹುಳು ಸೀಮೆಸುಣ್ಣದ ಹಾಗೆ ಬೆಳ್ಳಗೆ ಸೆಟೆದುಕೊಳ್ಳುತ್ತದೆ, ಅದರ ಪುಡಿ ತಾಗಿದ ಕಡೆಗೆಲ್ಲ ಅಂಟುತ್ತದೆ. ಶಿಡ್ಲಘಟ್ಟದ ಗುಮಾಸ್ತರ ಮನೆಯಲ್ಲಿ ಬೆಳೆದ ಶ್ರೀವಲ್ಲಿಯವರಿಗೆ ಗೂಡಿನ ಮಾರುಕಟ್ಟೆ ಗೊತ್ತಿತ್ತು, ಹುಳು ಮನೆ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರು, ನೀಲಿ ಬಣ್ಣ ಬಳಿದರು, ಅಂಕಿ ಬರೆದರು. ಬಣ್ಣ ಬಿದ್ದ ಮೇಲೆ ಅದು ಯಾರ ಮನೆಯದೆಂದು ಮಕ್ಕಳಿಗೂ ಗುರುತು ಸಿಗಲಿಲ್ಲ.

ಆ ವಾರ ಅದನ್ನು ಮನೆಗೊಯ್ಯುವ ಸರದಿ ಏಳನೇ ತರಗತಿಯ ಯಾಮಿನಿಯದು. ಅವಳು ಆಗ ಶಾಲೆಯ ಮುಖ್ಯಮಂತ್ರಿ. ಊರಿನ ಹಿರಿಯ ರೇಷ್ಮೆ ಬೆಳೆಗಾರ ನರಸಿಂಹಪ್ಪನವರ ದೊಡ್ಡ ಮೊಮ್ಮಗಳು. ಅಜ್ಜ ಅಜ್ಜಿ ಸೊಪ್ಪು ಹಾಕುತ್ತಿದ್ದರೆ ಹುಳು ಮನೆಯಲ್ಲೇ ಕೂತು ತಂಗಿಗೆ ಲೆಕ್ಕ ಹೇಳಿಕೊಟ್ಟಳು. ನಾಲ್ಕನೇ ಜ್ವರದಿಂದ ಎದ್ದ ಹುಳು ಎರಡು ದಿನ ಚೆನ್ನಾಗಿ ಮೇದವು. ಆಮೇಲೆ ಒಂದೊಂದಾಗಿ ಬೆಳ್ಳಗೆ ಬಿರುಸಾದವು. ಮನೆಯವರೆಲ್ಲ ನಿದ್ದೆಗೆಟ್ಟು ಸಾಕಿದ ಇಡೀ ಬೆಳೆಯನ್ನು ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಅಜ್ಜಿ ಅಕ್ಕಯ್ಯಮ್ಮ ಆ ನೀಲಿ ಚಂದ್ರಂಕಿಯನ್ನು ಬೀದಿಯ ನಡುವೆ ಎಳೆದು ತಂದು ಬೆಂಕಿ ಇಟ್ಟರು.

ನರಸಿಂಹಪ್ಪ ಶಾಲೆಗೆ ಬಂದವರು ಕೂಗಾಡಲಿಲ್ಲ. ಗೇಟಿನಾಚೆ ನಿಂತು ಒಂದೇ ಮಾತು ಹೇಳಿದರು. "ಇಸ್ಕೂಲ್ ಸಾಮಾನು ಇನ್ಮೇಲೆ ನಮ್ಮನೆ ಬಾಗ್ಲು ದಾಟ್‌ಬಾರ್ದು ಟೀಚರಮ್ಮ." ಅವರ ಮನೆಗೆ ಬೇಡವಾದದ್ದು ಊರಿನ ಯಾವ ಮನೆಗೂ ಬೇಡವಾಯಿತು. ಮುಖ್ಯಶಿಕ್ಷಕ ಚೆನ್ನಕೇಶವ ಎಲ್ಲ ಸಾಮಾನನ್ನೂ ಒಂದು ಕೋಣೆಗೆ ತುಂಬಿ ಬೀಗ ಹಾಕಿದರು. "ಬೇರೆ ದಾರಿ ಇರ್ಲಿಲ್ಲ. ಊರು ತಣ್ಣಗಾಗ್ಲಿ ಅಂತ ನಾನೇ ಹಾಕ್ದೆ. ಆ ಯಮ್ಮನ ಮುಖ ನೋಡಕ್ಕೆ ಆಗ್ತಾ ಇರ್ಲಿಲ್ಲ" ಎಂದು ಅವರು ಈಗ ಹೇಳುತ್ತಾರೆ.

ರೇಷ್ಮೆ ಇಲಾಖೆಯಿಂದ ಬಂದವರು, ಮಳೆಗಾಲದ ತೇವ, ರೋಗ ಎಲ್ಲಿಂದ ಬೇಕಾದರೂ ಬಂದಿರಬಹುದು ಎಂದಿದ್ದರು. ಬೇರೆಯವರಾಗಿದ್ದರೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಶ್ರೀವಲ್ಲಿ ಹಿಡಿಯಲಿಲ್ಲ, ನರಸಿಂಹಪ್ಪನವರ ಮನೆ ಮುಂದೆ ಹೋಗಿ ತಪ್ಪು ನನ್ನದೇ ಎಂದು ಹೇಳಿ ಬಂದರು. "ಇರಬಹುದು. ಆದ್ರೆ ನಾನು ಕೇಳ್ಬೇಕಿತ್ತು ತಾನೆ? ಇದನ್ನ ಯಾಕೆ ಬಿಸಾಕಿದೀರ ಅಂತ ಒಂದು ಮಾತು? ಅಷ್ಟು ಹುಳ ಹೋಯ್ತಲ್ಲಪ್ಪ, ಊಟ ಸೇರ್ತಿರ್ಲಿಲ್ಲ ನಂಗೆ" ಎನ್ನುತ್ತಾರೆ. ಹೇಳುವಾಗ ತಿಕ್ಕುವ ಕೈ ನಿಂತಿರುತ್ತದೆ. ಒಳ್ಳೆಯದನ್ನು ಮಾಡಲು ಹೋಗಿ ಕೆಟ್ಟದ್ದಾದರೆ ಅದರ ನೋವು ಬಲು ದಿನ ಉಳಿಯುತ್ತದೆ, ಪಾಪ.

ಯಾಮಿನಿಯೂ ಮಂತ್ರಿಮಂಡಲ ಸೇರಿಸಿ ರಾಜೀನಾಮೆ ಕೊಡುತ್ತೇನೆಂದು ಅತ್ತಳು. ಒಯ್ದವಳು ತಾನೇ ಎಂಬ ಅಳು. ಆ ದಿನ ಟೀಚರಮ್ಮ ಬಾಯಿ ಹಾಕಲಿಲ್ಲ, ಬಾಗಿಲ ಬಳಿ ಕೂತು ಕೇಳಿದರಷ್ಟೆ. ಮಕ್ಕಳು ತಮ್ಮತಮ್ಮಲ್ಲೇ ಕಿತ್ತಾಡಿ, ರಾಜೀನಾಮೆ ಬೇಡವೆಂದು ತೀರ್ಮಾನಿಸಿದರು. ಆಮೇಲೆ ಆರೋಗ್ಯ ಮಂತ್ರಿ ಒಂದು ಮಾತು ಎತ್ತಿದಳು. ಕೆಲಸದ ಶನಿವಾರಕ್ಕೆ ಲೈನ್‌ಮನ್ ಬಂದರು, ನರ್ಸಮ್ಮ ಬಂದರು, ಬಸ್ ಡ್ರೈವರ್ ಬಂದರು. ಹುಳು ಸಾಕುವವರನ್ನು ಯಾಕೆ ಒಂದು ಸಲವೂ ಕರೆದಿಲ್ಲ? ಗೂಡಿನಲ್ಲೇ ಮಾಡಿದ ಗೊಂಬೆಗಳ ಸಾಲಿನಲ್ಲಿ ಗೂಡು ಬೆಳೆಯುವವರ ಗೊಂಬೆ ಇರಲೇ ಇಲ್ಲ. "ಅದು ಕೆಲ್ಸ ಅಂತ ಮಕ್ಳಿಗೂ ಹೊಳೆದಿರ್ಲಿಲ್ಲ, ನಂಗೂ ಹೊಳೆದಿರ್ಲಿಲ್ಲ. ಮನೇಲಿ ಎಲ್ರೂ ಮಾಡೋದನ್ನ ಯಾರು ಕೆಲ್ಸ ಅಂತಾರೆ?" ಎಂದು ಶ್ರೀವಲ್ಲಿ ನೆನಪಿಸಿಕೊಳ್ಳುತ್ತಾರೆ.

ಕರೆಯಲು ಹೋದವಳು ಯಾಮಿನಿಯೇ. ಅಜ್ಜ ಮೂರು ಶನಿವಾರ ಬರಲಿಲ್ಲ. ನಾಲ್ಕನೆಯ ಶನಿವಾರ ಪಂಚೆ ಮಡಿಸಿ ಕಟ್ಟಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತರು. ಎದ್ದ ಮೇಲೆ ಏನು ಮಾಡುತ್ತೀರಿ ಎಂದರೆ ಗಂಟೆಗಟ್ಟಲೆ ಹೇಳಿದರು. ಮೂರನೇ ಪ್ರಶ್ನೆ ಬಂದಾಗ ಎದುರು ಗೋಡೆ ನೋಡತೊಡಗಿದರು. ಮೊಮ್ಮಗಳೇ ಮತ್ತೆ ಕೇಳಿದಳು. ಆಗ ಹೇಳಿದರು. "ಹುಡುಗು ವಯಸ್ನಲ್ಲಿ ಮೇಲೂರು ಕಡೆ ನೆಂಟ್ರ ಮನೆಗೆ ಹೋಗಿದ್ದೆ. ಅಲ್ಲಿ ಹುಳ ಕೆಟ್ಟಿತ್ತು. ಕಾಲ್ ತೊಳೀದೆ ಸೀದಾ ನಮ್ಮಣ್ಣನ ಹುಳು ಮನೆಗೆ ಬಂದ್ಬಿಟ್ಟೆ. ಅಣ್ಣನ ಬೆಳೆ ಹೋಯ್ತು. ನನ್ನ ಕಾಲಿಂದ ಹೋಯ್ತು ಅಂತ ಅಣ್ಣ ಸಾಯೋ ತನ್ಕ ನಾನ್ ಹೇಳ್ಲಿಲ್ಲ."

ಹಾರವನ್ನು ಕೈಯಲ್ಲಿ ತಿರುಗಿಸುತ್ತಾ ನರಸಿಂಹಪ್ಪ ಟೀಚರ ಕಡೆ ತಿರುಗಿದರು. "ನೀವು ಹೇಳ್ಬಿಟ್ರಿ, ಅಷ್ಟೇ ವ್ಯತ್ಯಾಸ. ಬರ್ರಿ, ಚಂದ್ರಂಕಿ ಹೆಂಗ್ ತೊಳೀಬೇಕು ತೋರಿಸ್ತೀನಿ." ಆ ಮಧ್ಯಾಹ್ನ ಬೀಗದ ಕೋಣೆ ತೆರೆಯಿತು. ಬ್ಲೀಚಿಂಗ್ ಪೌಡರು, ಸುಣ್ಣ ಕಲಸಿದ ನೀರು, ಆಮೇಲೆ ಎರಡು ದಿನ ಸುಡು ಬಿಸಿಲು. ನೀರಿಗೆ ತಾಳದ ರಟ್ಟಿನ ಸಾಮಾನೆಲ್ಲ ಒಲೆಗೆ ಹೋಯಿತು. ಕಿತ್ತುಹೋಗುವ ಬಣ್ಣದ ಬದಲು ಸುಟ್ಟ ಅಂಕಿ ಬಂತು. ಗೇಟಿನ ಬಳಿ ಕೈಕಾಲು ತೊಳೆಯುವ ಬಕೆಟ್ಟು ಬಂತು, ಅದು ಆರೋಗ್ಯ ಮಂತ್ರಿಯ ಖಾತೆ. ತೊಳೆದು ಒಣಗಿದ ಸಾಮಾನಿಗೆ ಹಸಿರು ದಾರ ಕಟ್ಟಿ ತಂತಿಗೆ ನೇತು ಹಾಕುವುದು ನಿಯಮ. ಗೊಂಬೆಗಳ ಸಾಲಿನಲ್ಲಿ ಪಂಚೆ ಉಟ್ಟ ಗೊಂಬೆಯೊಂದು ಸೇರಿಕೊಂಡಿತು.

ಇಷ್ಟಾದರೂ ಸಾಮಾನು ಊರೊಳಗೆ ಕಾಲಿಡಲಿಲ್ಲ. ಹುಳು ಮನೆಯಲ್ಲಿ ಕೊನೆಯ ಮಾತು ಅಕ್ಕಯ್ಯಮ್ಮನವರದು. "ನಾನ್ ಹೂಂ ಅಂದೆ ಕಣಮ್ಮ, ಬಾಗ್ಲು ನನ್ ಕೈಲಿಲ್ಲ" ಎಂದು ನರಸಿಂಹಪ್ಪ ಕೈ ಚೆಲ್ಲಿದರು. ಊರಿನವರು, ಅವರ ಮನೆಗೆ ಹೋದರೆ ನಮ್ಮ ಮನೆಗೂ ಬರಲಿ ಎಂದು ಕಾದು ಕೂತರು. ವರ್ಷವೇ ಕಳೆಯಿತು. ಯಾಮಿನಿ ಸಾದಲಿಯ ಹೈಸ್ಕೂಲು ಸೇರಿದಳು. ಅವಳ ತಂಗಿ ಮೂರನೇ ತರಗತಿಗೆ ಬಂದು, ಬೆಳೆ ಬೆಳೆಗೂ ಶಾಲೆ ತಪ್ಪಿಸಿಕೊಂಡು, ಕಳೆಯುವ ಲೆಕ್ಕದಲ್ಲಿ ಮುಗ್ಗರಿಸುತ್ತಿದ್ದಾಳೆ. ಶ್ರೀವಲ್ಲಿ ಮಾತ್ರ ದಿನ ಬೆಳಗಾದರೆ ತೊಟ್ಟಿಯ ಮುಂದೆ ಕೂರುವುದನ್ನು ಬಿಟ್ಟಿಲ್ಲ. ಯಾರೂ ಒಯ್ಯದ ಸಾಮಾನನ್ನು ಯಾಕೆ ತೊಳೆಯುತ್ತೀರಿ ಎಂದರೆ ತಲೆ ಎತ್ತದೆ ಹೇಳುತ್ತಾರೆ. "ಯಾರಾದ್ರೂ ಕೇಳ್ಕೊಂಡು ಬಂದ ದಿನ, ಇನ್ನೂ ತೊಳೆದಿಲ್ಲ, ನಾಡಿದ್ದು ಬನ್ನಿ ಅನ್ನಕ್ಕಾಗುತ್ತಾ? ನಾಡಿದ್ದಿಗೆ ಅವ್ರ ಮನಸ್ಸು ಬದಲಾದ್ರೆ?"

ಹೀಗೆ ಮಾತು ಸಾಗಿರುವಾಗಲೇ ಹೊತ್ತು ಏರುತ್ತದೆ. ಮಕ್ಕಳು ಬರತೊಡಗುತ್ತಾರೆ, ಗೇಟಿನ ಬಳಿ ಕೈಕಾಲು ತೊಳೆಸುವ ಗಲಾಟೆ. ಈಗಿನ ಗೈರುಹಾಜರಿ ಮಂತ್ರಿ ಓಡಿ ಬಂದು ವರದಿ ಒಪ್ಪಿಸುತ್ತಾಳೆ. "ಮಿಸ್, ನರಸಿಂಹಪ್ಪ ತಾತನ ಮನೇಲಿ ಹುಳ ಹಣ್ಣಾಗವೆ. ಯಾಮಿನಿ ಅಕ್ಕನ ತಂಗಿ ಇವತ್ತೂ ಬರಲ್ಲ, ನಾಳೇನೂ ಬರಲ್ಲ." ಟೀಚರಮ್ಮ ಹೂಂ ಎಂದು ತಲೆ ಆಡಿಸಿ ಚಂದ್ರಂಕಿಯ ಇನ್ನೊಂದು ಮಗ್ಗುಲು ತಿರುವುತ್ತಾರೆ. ಈ ವರದಿ ಅವರಿಗೆ ಹೊಸದಲ್ಲ.

ಗೇಟಿನ ಬಳಿ ಗಲಾಟೆ ತಟ್ಟನೆ ನಿಲ್ಲುತ್ತದೆ. ನೋಡಿದರೆ ಅಕ್ಕಯ್ಯಮ್ಮ. ಸೊಪ್ಪಿನ ಕಲೆಯ ಸೀರೆ, ಕೆದರಿದ ಕೂದಲು, ಕೆಲಸದ ನಡುವೆ ಎದ್ದು ಬಂದವರ ಅವಸರ. ಆರೋಗ್ಯ ಮಂತ್ರಿ ಬಕೆಟ್ಟಿನ ಕಡೆ ಕೈ ತೋರಿಸುತ್ತಾಳೆ, ಹೆದರಿಕೆಯಿಂದಲೇ. ಅಕ್ಕಯ್ಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಮರುಮಾತಿಲ್ಲದೆ ಕಾಲಿಗೆ ನೀರು ಹಾಕಿಕೊಂಡು ಒಳಗೆ ಬರುತ್ತಾರೆ. ವರ್ಷದ ಮೇಲೆ ಅವರು ಈ ಅಂಗಳಕ್ಕೆ ಕಾಲಿಟ್ಟದ್ದು ಇದೇ ಮೊದಲು.

"ಏನಮ್ಮ ಟೀಚರಮ್ಮ, ಚಿಕ್ಕದಕ್ಕೆ ಕಳೆಯೋ ಲೆಕ್ಕ ಬರ್ತಿಲ್ವಂತೆ?"

"ಬರುತ್ತೆ ಅಮ್ಮ. ಸ್ವಲ್ಪ ಕೂತ್ಕೊಂಡು ಹೇಳ್ಕೊಡ್ಬೇಕು" ಎನ್ನುತ್ತಾರೆ ಶ್ರೀವಲ್ಲಿ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ.

"ಹುಳ ಆರ್ಸೋ ಮಧ್ಯೆ ಕೂತ್ಕೊಳ್ಳೋರ್ಯಾರು? ದೊಡ್ಡವ್ಳು ಸಾಯಂಕಾಲ ಹೇಳ್ಕೊಡ್ತೀನಿ ಅಂತಾಳೆ. ಅದಕ್ಕೆ..." ಅಜ್ಜಿ ತಂತಿಯ ಕಡೆ ನೋಡುತ್ತಾರೆ. "ಆ ಅಂಕಿ ಚಂದ್ರಂಕಿ ಬೇಕಂತೆ."

ಶ್ರೀವಲ್ಲಿ ತೊಟ್ಟಿಯ ಮುಂದಿನಿಂದ ಏಳುತ್ತಾರೆ. ಹಸಿರು ದಾರ ಕಟ್ಟಿದ ಒಣ ಚಂದ್ರಂಕಿಯನ್ನು ತಂತಿಯಿಂದ ಇಳಿಸಿ ಎರಡೂ ಕೈಯಿಂದ ಕೊಡುತ್ತಾರೆ. ಅಕ್ಕಯ್ಯಮ್ಮ ಅದನ್ನು ತಿರುವಿ ಮುರುವಿ ನೋಡುತ್ತಾರೆ, ಬಿದಿರಿನ ಸಂದುಗಳಲ್ಲಿ ಉಗುರಾಡಿಸುತ್ತಾರೆ, ಕೊನೆಗೆ ಮೂಗಿಗೆ ಹಿಡಿದು ಮೂಸುತ್ತಾರೆ. "ಸರೇಲೇ, ಘಾಟೈತೆ" ಎಂದು, ಸರಿ ಬಿಡು ಅನ್ನುವುದನ್ನು ತೆಲುಗಿನಲ್ಲೂ ಉಳಿದದ್ದನ್ನು ಕನ್ನಡದಲ್ಲೂ ಹೇಳಿ, ಚಂದ್ರಂಕಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಡುತ್ತಾರೆ.

ಶಾಲೆಯ ಗೇಟಿನಿಂದ ನೋಡಿದರೆ ಹುಣಸೆ ಮರದಾಚೆ ನರಸಿಂಹಪ್ಪನವರ ಮನೆ ಕಾಣುತ್ತದೆ. ಮಕ್ಕಳೆಲ್ಲ ಕಾಂಪೌಂಡಿನ ಮೇಲೆ ಗದ್ದ ಊರಿದ್ದಾರೆ. ಶ್ರೀವಲ್ಲಿಯವರೂ ಬಂದು ನಿಂತಿದ್ದಾರೆ, ಕೈಯಲ್ಲಿನ್ನೂ ತೆಂಗಿನ ನಾರಿದೆ. ಮುಂದಿನ ಜೂನ್‌ನಲ್ಲಿ ಇದೇ ಊರಿಗೆ ಹಾಕಿದರೆ ಸಾಕು, ಬೇರೇನೂ ಬೇಡ ಎಂದು ಅರ್ಧ ಗಂಟೆ ಹಿಂದೆಯಷ್ಟೇ ಹೇಳಿದವರ ಕಣ್ಣು ಈಗ ಆ ಮನೆಯ ಮೇಲಿದೆ. ಅಕ್ಕಯ್ಯಮ್ಮ ಮನೆ ಮುಂದಿನ ಚಪ್ಪಡಿಯ ಮೇಲೆ ಚಂದ್ರಂಕಿ ಇಳಿಸಿ ಕೂಗುತ್ತಾರೆ. ನರಸಿಂಹಪ್ಪ ಬಕೆಟ್ಟು ಹಿಡಿದು ಬರುತ್ತಾರೆ. ಅಜ್ಜಿ ಬಗ್ಗಿ ಅದನ್ನು ಮತ್ತೆ ತಿಕ್ಕಲು ಶುರು ಮಾಡುತ್ತಾರೆ, ಈ ಮಗ್ಗುಲು ಆಯಿತು, ಆ ಮಗ್ಗುಲು ಆಯಿತು. ಆಮೇಲೆ ಕೊಡವಿ ಎತ್ತಿಕೊಂಡು, ಹುಳು ಮನೆಯ ದಿಕ್ಕಿಗೂ ಹೋಗದೆ, ವಾಸದ ಮನೆಯ ಹೊಸ್ತಿಲು ದಾಟುತ್ತಾರೆ.

ಆರೋಗ್ಯ ಮಂತ್ರಿಗೆ ಸಿಟ್ಟು ಬಂದಿದೆ. "ನೋಡಿ ಮಿಸ್! ನಾವು ಅಷ್ಟು ತೊಳ್ದಿದ್ದನ್ನ ಮತ್ತೆ ತೊಳೆದ್ರು!"

ಶ್ರೀವಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಬ್ಲೀಚಿಂಗ್ ಪೌಡರಿನ ಘಾಟು ಎನ್ನುತ್ತಾರೆ.

"ತೊಳೀಲಿ ಬಿಡಮ್ಮ. ಒಳಗೆ ಹೋಯ್ತಲ್ಲ."